ಎರಡು ಫೋನಿಗೆ ಒಂದೇ ಹೊಲಿಗೆ

ಟೈಲರ್ ಬಾಗಿಲು ತೆರೆಯುವ ಮೊದಲೇ ಗಿರಾಕಿಗಳು "ಆಯ್ತಾ?" ಎಂದು ನಿಂತಿರುತ್ತಿದ್ದರು. "ಗುಂಡಿ ಒಂದೇ ಬಾಕಿ" ಎಂದು ಸಾಗಹಾಕುತ್ತಿದ್ದ. ಆವತ್ತು ಶಾಲೆಯ ಹೆಡ್‌ಮಿಸ್ ಬಂದು, "ಇನ್ನೊಂದು ಸಲ ಸುಳ್ಳು ಹೇಳಿದ್ರೆ ಮಕ್ಕಳ ಯೂನಿಫಾರ್ಮ್ ಬೇರೆ ಕಡೆ ಕೊಡ್ತೀನಿ" ಎಂದು ಗುಡುಗಿ ಹೋದರು. ಯೂನಿಫಾರ್ಮ್ ಹೋದರೆ ಅಂಗಡಿಯೇ ಹೋದಂತೆ.

ಟೈಲರ್ ಅಣ್ಣನ ಮಗಳನ್ನು ಕರೆಸಿದ. ಅವಳದು ಮೊಬೈಲ್ ಆ್ಯಪ್ ಬರೆಯುವ ಕೆಲಸ.

"ಬಟ್ಟೆ ಎಲ್ಲಿಗೆ ಬಂತು ಅಂತ ಫೋನೇ ಎಲ್ಲರಿಗೂ ಹೇಳ್ಬೇಕು ಮಗಳೇ. ಯಾರೂ ಇತ್ತ ತಲೆ ಹಾಕಬಾರದು."

"ಆಗ್ಲಿ ಚಿಕ್ಕಪ್ಪ. ಆಂಡ್ರಾಯ್ಡ್‌ಗೆ ಬೇರೆ, ಐಫೋನ್‌ಗೆ ಬೇರೆ ಬರೀಲಾ? ಅಳತೆಗೆ ಹೊಲಿದ ಹಾಗಿರುತ್ತೆ, ಆದ್ರೆ ನಿಧಾನ, ಎರಡನೇದು ಮುಂದಿನ ತಿಂಗಳೇ. ಒಂದೇ ಬರೆದು ಎರಡಕ್ಕೂ ಹಾಕಿದ್ರೆ ಇವತ್ತೇ ಟ್ರಯಲ್ ನೋಡ್ಬಹುದು."

ಒಂದೇ ಅಂಗಿ ಇಬ್ಬರಿಗೆ ಹೇಗೆ ಕೂರುತ್ತದೆ? ಕುತೂಹಲ ಟೈಲರ್‌ನ ತಲೆಯನ್ನು ಗೆದ್ದಲಿನಂತೆ ಕೊರೆಯಿತು. ಟೇಪು ಹಿಡಿದು ಪಕ್ಕದ ಕ್ಷೌರದಂಗಡಿಗೆ ನುಗ್ಗಿ, ಕೂತಿದ್ದವರ ಫೋನುಗಳ ಉದ್ದ, ಅಗಲ ಅಳೆಯತೊಡಗಿದ.

"ಏನಯ್ಯಾ, ಫೋನಿಗೂ ಚಡ್ಡಿ ಹೊಲೀತೀಯಾ?" ಎಂದ ಕ್ಷೌರಿಕ. ವಿಷಯ ಕೇಳಿ, "ಒಂದೇ ಸಾಕು. ನಾನು ಒಂದೇ ಕತ್ತರೀಲಿ ಎಲ್ಲರ ಕೂದಲೂ ತೆಗೀತೀನಿ" ಎಂದ.

"ಅದಕ್ಕೇ ಎಲ್ಲರ ತಲೇನೂ ಒಂದೇ ಥರ ಕಾಣೋದು!" ಎಂದು ಬಾಗಿಲಲ್ಲಿ ನಿಂತ ವಾಚ್ ರಿಪೇರಿಯವ ನಕ್ಕ. "ಗೋಡೆ ಗಡಿಯಾರದ ಮುಳ್ಳು ಕೈಗಡಿಯಾರಕ್ಕೆ ಕೂರುತ್ತಾ? ಬೇರೆ ಬೇರೇನೇ ಮಾಡ್ಸು."

ಇಬ್ಬರಿಗೂ ಜಗಳ ಹತ್ತಿತು. ಆ ಗಲಾಟೆಯಲ್ಲಿ ಟೈಲರ್, ಕುರ್ಚಿಯಲ್ಲಿ ಕಣ್ಣು ಮುಚ್ಚಿ ಗಡ್ಡ ಹೆರೆಸಿಕೊಳ್ಳುತ್ತಿದ್ದ ದಢೂತಿ ಆಸಾಮಿಯ ಜೇಬಿಗೆ ಕೈ ಹಾಕಿದ, ಫೋನು ಅಳೆಯಲು. ಆಸಾಮಿ "ಕಳ್ಳ!" ಎಂದು ಎಗರಿದ. ಕ್ಷೌರಿಕನ ಕೈಯ ಕತ್ತಿ ಜಾರಿತು. ಅರ್ಧ ಮೀಸೆ ನೆಲಕ್ಕೆ ಬಿತ್ತು.

ಟೈಲರ್ ಒಂದೇ ಓಟಕ್ಕೆ ಅಂಗಡಿ ಸೇರಿ, "ಒಂದೇ ಬರಿ ತಾಯೀ, ಬೇಗ!" ಎಂದ.

ಸಂಜೆಗೆ ಟ್ರಯಲ್ ಸಿದ್ಧವಾಯಿತು. ಕಾದು ಬೇಸತ್ತಿದ್ದ ಗಿರಾಕಿಗಳು ಕರೆದ ಕೂಡಲೇ ಆ್ಯಪ್ ಹಾಕಿಕೊಂಡರು.

"ಯಾರದ್ದು ಎಲ್ಲಿಗೆ ಬಂದಿದೆ ಚಿಕ್ಕಪ್ಪ? ಹೇಳಿ, ತುಂಬಿಸ್ತೀನಿ."

ಮನೆಮಗಳ ಹತ್ತಿರ ಎಂಥ ಸುಳ್ಳು? "ಹೆಡ್‌ಮಿಸ್ ಕೊಟ್ಟ ಯೂನಿಫಾರ್ಮ್ ಬಟ್ಟೆಗೆ ಕತ್ತರೀನೇ ಮುಟ್ಸಿಲ್ಲ. ಬ್ಯಾಂಕಿನವರ ಪ್ಯಾಂಟು ಎಲ್ಲಿಟ್ಟೆನೋ ನೆನಪಿಲ್ಲ. ವಕೀಲರ ಕೋಟು ಆಗಿದೆ, ನಾನೇ ಒಂದ್ಸಲ ಹಾಕ್ಕೊಂಡು ಓಡಾಡ್ದೆ."

ಅವಳು ತನ್ನ ಐಫೋನನ್ನೂ ಅವನ ಆಂಡ್ರಾಯ್ಡನ್ನೂ ಜೊತೆಗಿಟ್ಟು ಗುಂಡಿ ಒತ್ತಿದಳು. ಎರಡೂ ಒಟ್ಟಿಗೇ "ಟಿಣ್" ಎಂದವು. ಟೈಲರ್ ಮಗುವಿನಂತೆ ಹಿಗ್ಗಿದ. "ಅಬ್ಬಾ! ಎಲ್ಲೂ ಒಂದು ಸುಕ್ಕಿಲ್ಲವಲ್ಲೇ!"

"ಎಲ್ಲರಿಗೂ ಹೀಗೇ ಹೋಗಿದೆ ಚಿಕ್ಕಪ್ಪ."

"ಏನು ಹೋಗಿದೆ?"

"ನೀವು ಹೇಳಿದ್ದೇ."

ಅಷ್ಟರಲ್ಲಿ ಬೀದಿ ತುಂಬ ಚಪ್ಪಲಿ ಸದ್ದು. "ನನ್ನ ಕೋಟು ಹಾಕ್ಕೊಂಡು ಎಲ್ಲಿಗೆ ಹೋಗಿದ್ಯೋ?" ಎಂಬ ವಕೀಲರ ಕೂಗು. ಹೆಡ್‌ಮಿಸ್ ಎಲ್ಲರಿಗಿಂತ ಮೊದಲೇ ಒಳಗೆ ಬಂದು, ಯೂನಿಫಾರ್ಮ್ ಬಟ್ಟೆಯ ಗಂಟು ಎತ್ತಿಕೊಂಡು ನಡೆದರು.

ಟೈಲರ್ ಹೊಲಿಗೆ ಯಂತ್ರದ ಕೆಳಗೆ ತೂರಿಕೊಂಡು ಪಿಸುಗುಟ್ಟಿದ: "ಬೇರೆ ಬೇರೆ ಬರೆಸಿದ್ರೆ ಇವರಲ್ಲಿ ಅರ್ಧ ಜನ ಆದ್ರೂ ಮುಂದಿನ ತಿಂಗಳು ಬರ್ತಿದ್ರಲ್ಲೇ, ಮಗಳೇ!"