ನಮ್ಮ ಕಾಕಾ ಮತ್ತು ಉಳಿದ ಜಗತ್ತು

ನಮ್ಮ ಕಾಕಾನ ಜೊತೆ ಒಂದು ಕಪ್ ಚಹಾ ಕುಡಿಯಬೇಕಾದರೆ ಪಾಸ್‌ಪೋರ್ಟ್ ಬೇಕು! ಸುಳ್ಳಲ್ಲ. ಕಪ್ ಕೈಗೆ ಬಂದ ಕೂಡಲೇ ಅವರು ಚೀನಾಕ್ಕೆ ಹೊರಡುತ್ತಾರೆ. ‘ಚಹಾ’ ಎನ್ನುವ ಶಬ್ದ ನಡೆದುಕೊಂಡು ಬಂದದ್ದು, ‘ಟೀ’ ಹಡಗು ಹತ್ತಿ ಬಂದದ್ದು ಎಂದು ಶುರುವಾದರೆ, ಅವರು ಮರಳಿ ಪುಣೆ ಮುಟ್ಟುವಷ್ಟರಲ್ಲಿ ಚಹಾದ ಮೇಲೆ ಕೆನೆ ಕಟ್ಟಿ, ಕೆನೆಯ ಮೇಲೆ ಒಂದು ನೊಣವೂ ಕೂತಿರುತ್ತದೆ.

ಕಾಕಾ, ಅಂದರೆ ನನ್ನ ಅಪ್ಪನ ತಮ್ಮ, ಪುಣೆಯ ಧನಕವಡಿಯ ಒಂದು ಶಾಲೆಯಲ್ಲಿ ಇತಿಹಾಸದ ಮಾಸ್ತರು. ಉಳಿದ ಮಾಸ್ತರುಗಳು ಒಬ್ಬ ರಾಜನನ್ನು ಪಟ್ಟಕ್ಕೆ ಕೂಡಿಸಿ ಮುಂದಿನ ಪಾಠಕ್ಕೆ ಹೋಗುತ್ತಾರೆ. ಕಾಕಾ ಹೋಗುವುದಿಲ್ಲ. “ಇಲ್ಲಿ ಇವ ಪಟ್ಟಕ್ಕ ಕೂತ. ಅದ ಹೊತ್ತಿಗೆ ಪೆರುದಾಗ ಏನ್ ನಡೆದಿತ್ತು?” ಎಂದು ಕೇಳುತ್ತಾರೆ. ರಾಜ ಪಾಪ ಕಿರೀಟ ಹಾಕಿಕೊಂಡು ಕಾಯುತ್ತ ಕೂರಬೇಕು!

ಹೋದ ಜೂನ್‌ನಲ್ಲಿ ನನಗೆ ಪುಣೆಗೆ ವರ್ಗವಾಯಿತು. ಗಂಡ ಧಾರವಾಡದಲ್ಲೇ ಉಳಿದರು. ನಾನೂ ನನ್ನ ಹದಿಮೂರರ ಮಗಳೂ, ಮನೆ ಸಿಗುವವರೆಗೆ ಅಂತ ಕಾಕಾನ ಮನೆಗೆ ಬಂದೆವು. ಬಂದ ವಾರವೇ ಆಷಾಢ ಏಕಾದಶಿ. ಕಾಕು, ಅಂದರೆ ಕಾಕಾನ ಹೆಂಡತಿ, ಅಕ್ಕಪಕ್ಕದ ಹೆಂಗಸರನ್ನು ಕರೆದು ಉಪವಾಸದ ಸಾಬುದಾಣಿ, ಅಂದರೆ ಸಬ್ಬಕ್ಕಿಯ ಖಿಚಡಿ ಬಡಿಸಿದರು. ಕಾಕಾ ಒಂದು ತುತ್ತು ತಿಂದು ಕಣ್ಣರಳಿಸಿದರು.

“ಇದರಾಗ ಏನೇನ್ ಅದ ಗೊತ್ತದ ಏನ್ರಿ? ಸಾಬುದಾಣಿಯ ಗೆಡ್ಡಿ ದಕ್ಷಿಣ ಅಮೇರಿಕಾದ್ದು. ಶೇಂಗಾ ಅಲ್ಲಿಂದ. ಬಟಾಟಿ ಅಲ್ಲಿಂದ. ಮೆಣಸಿನಕಾಯಿನೂ ಆ ಕಡಿಂದ. ವಿಠ್ಠಲನ ಹೆಸರಿನ್ಯಾಗ ನೀವೆಲ್ಲಾ ಅಮೇರಿಕಾ ತಿನ್ನಾಕತ್ತೀರಿ!”

“ಜೀರಗಿನಾದ್ರೂ ನಮ್ಮದು ಹೌದಲ್ರಿ?” ಕಾಕು ಕೇಳಿದರು.

“ಅದು ಪಶ್ಚಿಮ ಏಷ್ಯಾದ್ದು.”

“ಹೋಗ್ಲಿ, ಉಪವಾಸ?”

“ಅದು ಎಲ್ಲಾ ದೇಶದಾಗೂ ಅದ.”

“ಹಂಗಾದ್ರ ಭಾಂಡಿ ತಿಕ್ಕೂದೊಂದ ನಂದು ಅಂತಾತು!” ಎಂದು ಕಾಕು ತಾಟು ಎತ್ತಿಕೊಂಡು ಎದ್ದರು. ವಿಶ್ವದ ಇತಿಹಾಸ ಅಂದಿಗೆ ಮುಗಿಯಿತು.

ಅಪಾರ್ಟ್‌ಮೆಂಟಿನ ಸೊಸೈಟಿಯವರು ಒಮ್ಮೆ ಇವರಿಗೆ ನೀರಿನ ಟ್ಯಾಂಕರ್ ತರಿಸುವ ಕೆಲಸ ಒಪ್ಪಿಸಿದ್ದರಂತೆ. ಎಂಥ ಧೈರ್ಯ ನೋಡಿ! ಟ್ಯಾಂಕರ್ ಗೇಟಿಗೆ ಬಂದದ್ದೇ ಕಾಕಾ ಡ್ರೈವರನಿಗೆ ಬ್ಯಾಬಿಲೋನಿನ ಕಾಲುವೆ ವಿವರಿಸತೊಡಗಿದರು. ಅವನು ಪಾಪ ಮರ್ಯಾದಸ್ಥ; ರೋಮ್ ಬರುವವರೆಗೆ ತಡೆದುಕೊಂಡ. ರೋಮ್ ಬಂತು, ಟ್ಯಾಂಕರ್ ಹೋಯಿತು. ಪಕ್ಕದ ಕಟ್ಟಡದವರು ಎರಡು ಸಲ ಸ್ನಾನ ಮಾಡಿದರು.

ಇದೆಲ್ಲ ನಗುವುದಕ್ಕೆ ಚೆನ್ನ. ಆದರೆ ನನ್ನ ಮಗಳು ನಗುತ್ತಿರಲಿಲ್ಲ. ಕಾಕಾನ ಶಾಲೆಗೇ ಅವಳನ್ನು ಸೇರಿಸಿದ್ದೆ. ಹೆಸರಿಗೆ ಇಂಗ್ಲಿಷ್ ಶಾಲೆ, ಮಕ್ಕಳ ಬಾಯಲ್ಲಿ ಬರೀ ಮರಾಠಿ. ಮೊದಲ ವಾರ ಇವಳು ಧೈರ್ಯ ಮಾಡಿ “ಬಸ್ ಆಲಾ” ಅಂದಳು. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಇವಳು ಬಸ್ಸು ‘ಬಂದ’ ಅಂದಿದ್ದಳು; ಮರಾಠಿಯಲ್ಲಿ ಬಸ್ಸು ಹೆಣ್ಣು, ‘ಬಂದಳು’ ಅನ್ನುವ ಹಾಗೆ “ಆಲೀ” ಅನ್ನಬೇಕು! ಧಾರವಾಡದವರಿಗೆ ಇದು ಹೇಗೆ ಗೊತ್ತಾಗಬೇಕು? ಬಸ್ಸಿನ ಯಾವ ಬದಿಗೆ ಬರೆದಿರುತ್ತದೆ? ಅಂದಿನಿಂದ ಹುಡುಗಿ ಶಾಲೆಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಳು. ಮನೆಯಲ್ಲಿ ಗಿಣಿ, ಗೇಟು ದಾಟಿದರೆ ಕಲ್ಲು. ನಾನು ಗದರಿದೆ, ಪುಸಲಾಯಿಸಿದೆ, ಏನೂ ಆಗಲಿಲ್ಲ. ವಾಪಸ್ಸು ಧಾರವಾಡಕ್ಕೆ ಕಳಿಸುವ ಮಾತು ಮನೆಯಲ್ಲಿ ಶುರುವಾಗಿತ್ತು.

ಅಷ್ಟರಲ್ಲಿ ಕಾಕಾನ ಮೇಲೆ ದೂರು ಬಂತು. ಪೆರು, ಚೀನಾ ಸುತ್ತುತ್ತ ಸಿಲೆಬಸ್ ಮುಗಿಸುತ್ತಿಲ್ಲ ಎಂದು ನನ್ನ ಮಗಳ ಕ್ಲಾಸಿನ ಒಬ್ಬ ಪಾಲಕರು ಹಟ ಹಿಡಿದರು. ಮುಖ್ಯಾಧ್ಯಾಪಕಿ, “ಪಾಲಕರೆಲ್ಲ ಬಂದು ಒಂದು ಪಾಠ ಕೇಳಲಿ, ಆಮೇಲೆ ಈ ಕ್ಲಾಸು ನಿಮ್ಮ ಕೈಯಲ್ಲಿರಬೇಕೋ ಬೇಡವೋ ನೋಡೋಣ” ಅಂದರು.

ಆ ದಿನ ನಾನೂ ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತಿದ್ದೆ. ಪಕ್ಕದಲ್ಲಿ ದೂರು ಕೊಟ್ಟ ಮಹಾಶಯರೇ, ಪಠ್ಯಪುಸ್ತಕ ತೆರೆದುಕೊಂಡು! ಇವತ್ತಾದರೂ ಕಾಕಾ ಪುಸ್ತಕ ಮುಟ್ಟಲಿ ದೇವರೇ ಅಂದುಕೊಂಡೆ. ಮುಟ್ಟಲಿಲ್ಲ. ಗ್ರೀಕರಿಗೆ ಪರದೇಶದವರ ಮಾತು ‘ಬರ್ ಬರ್’ ಅಂತ ಕೇಳುತ್ತಿತ್ತು, ಅದಕ್ಕೇ ಅವರನ್ನು ಬರ್ಬರರು ಅಂದರು. ರಷ್ಯದವರು ಜರ್ಮನರಿಗೆ ಇಟ್ಟ ಹೆಸರಿನ ಅರ್ಥ ‘ಮೂಕರು’. ನಮ್ಮವರೇನು ಕಡಿಮೆಯೇ, ತಮಗೆ ತಿಳಿಯದಂತೆ ಮಾತಾಡುವವರನ್ನು ಮ್ಲೇಚ್ಛರು ಅಂದರು. ಎಲ್ಲವನ್ನೂ ಮರಾಠಿಯಲ್ಲಿ ನಟಿಸಿ ತೋರಿಸಿ ಕಾಕಾ ಕೊನೆಗೆ ಕೇಳಿದರು: “ಇವತ್ತು ನಾವೆಲ್ಲ ಏನೂ ತಿಳಿಯದವರಾಗೋಣ. ಬೇರೆಯವರಿಗೆ ಬಾರದ ಭಾಷೆ ಯಾರಿಗೆ ಬರುತ್ತದೆ? ಎದ್ದು ಏನಾದರೂ ಹೇಳಿ.”

ಯಾರೂ ಏಳಲಿಲ್ಲ. ಕಾಕಾ ನನ್ನ ಮಗಳ ಕಡೆ ನೋಡಲೂ ಇಲ್ಲ. ಕಿಟಕಿಯ ಹೊರಗೆ ನೋಡುತ್ತ ನಿಂತರು. ಮಹಾಶಯರು ಗಡಿಯಾರ ನೋಡಿಕೊಂಡರು.

ಆಗ ಅವಳು ಎದ್ದಳು.

“ಈ ಸರ್ ನಮ್ಮ ಅಜ್ಜ,” ಅಂದಳು, ಅಪ್ಪಟ ಧಾರವಾಡ ಕನ್ನಡದಲ್ಲಿ. “ಇಲ್ಲಿ ಭಾಳ ಶಾಣ್ಯಾರಂಗ ಮಾತಾಡ್ತಾರ. ಮನಿಯಾಗ ಅಜ್ಜಿ ಒದರಿದ್ರ ಬಾಲ್ಕನಿಗೆ ಓಡಿಹೋಗ್ತಾರ. ನಿನ್ನೆ ಡಬ್ಬಿಯಾಗಿನ ಕರದಂಟು ಕದ್ದು ತಿಂದು, ನಾ ತಿಂದೆ ಅಂತ ನನ್ನ ಮ್ಯಾಲೆ ಹೇಳ್ಯಾರ! ನನಗ ಭಾಳ ಸಿಟ್ಟ ಬಂದದ!”

ಕಾಕಾನ ಮುಖ ಕೆಂಪಗಾಯಿತು. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಕ್ಲಾಸು ಹುಚ್ಚೆದ್ದಿತು. “ಏನಂದಳು? ಸರ್, ಏನಂದಳು?” ಕಾಕಾ ಕೈ ಆಡಿಸಿದರು: “ನನ್ನ ಕೇಳಬೇಡಿ, ಅವಳನ್ನೇ ಕೇಳಿ.” ಇಡೀ ಕ್ಲಾಸು ಅವಳ ಬೆಂಚಿಗೆ ಮುತ್ತಿತು. ಮಹಾಶಯರೂ ತಡೆಯಲಾರದೆ ನನ್ನ ಕಡೆ ಬಾಗಿ ಪಿಸುಗುಟ್ಟಿದರು: “ಏನಂದಳು ತಾಯಿ?”

“ಸಿಲೆಬಸ್ಸಿನಲ್ಲಿಲ್ಲ” ಅಂದೆ.

ಮುಖ್ಯಾಧ್ಯಾಪಕಿ ತೀರ್ಪು ಕೊಟ್ಟರು: ಕ್ಲಾಸು ಕಾಕಾನದೇ, ಆದರೆ ಐದು ದಿನ ಪುಸ್ತಕ, ಶನಿವಾರ ಬೇಕಾದರೆ ಲೋಕ ಸುತ್ತಬಹುದು.

ಶಾಲೆ ಬಿಟ್ಟ ಮೇಲೆ ಗೇಟಿನ ಹತ್ತಿರ ಕಾಕಾನನ್ನು ಕೇಳಿದೆ, “ಅಕಿ ಸಲುವಾಗೇ ಈ ಪಾಠ ತೊಗೊಂಡ್ರೇನು? ಅಕಿ ಏಳದಿದ್ರ ಏನ್ ಮಾಡ್ತಿದ್ರಿ?”

ಕಾಕಾ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದರು. “ನಮ್ಮ ಅಪ್ಪಗ ಇಲ್ಲಿಗೆ ವರ್ಗ ಆದಾಗ ನಂದೂ ಇದ ವಯಸ್ಸು. ನಿಮ್ಮಪ್ಪ ಕಾಲೇಜಿಗಂತ ಧಾರವಾಡದಾಗ ಉಳದ. ಅಪ್ಪನ ಕೂಡ ನಾ ಒಬ್ಬನ ಬಂದೆ. ಒಂದು ವರ್ಷ ಸಾಲಿಯೊಳಗ ಒಂದ ಮಾತೂ ಆಡಲಿಲ್ಲವ್ವಾ. ಮೂಕ ಇರಬೇಕಂತ ತಿಳದು ಮಾಸ್ತರು ಮಾರಿ ನೋಡಿನ ಹಾಜರಿ ಹಾಕ್ತಿದ್ರು. ಯಾರೂ ಏನೂ ಕೇಳಲಿಲ್ಲ.”

ಇನ್ನು ಯಾವ ದೇಶಕ್ಕೆ ಹೊರಡುತ್ತಾರೋ ಎಂದು ಕಾದೆ. ಅವರು ಎಲ್ಲಿಗೂ ಹೋಗಲಿಲ್ಲ. ಮುಂದೆ ಬೇವಿನ ಗಿಡದ ಕೆಳಗೆ ನಾಲ್ಕು ಹುಡುಗಿಯರು ನನ್ನ ಮಗಳನ್ನು ಸುತ್ತುವರಿದು ‘ಶಾಣ್ಯಾ, ಶಾಣ್ಯಾ’ ಎಂದು ತಪ್ಪು ತಪ್ಪಾಗಿ ಉರು ಹೊಡೆಯುತ್ತಿದ್ದರು. ಅವಳು ಸೊಂಟಕ್ಕೆ ಕೈಯಿಟ್ಟು ತಿದ್ದುತ್ತಿದ್ದಳು.

ರಿಕ್ಷಾ ಬಂದು ನಮ್ಮ ಮುಂದೆ ನಿಂತಿತು. ಮಗಳನ್ನು ಕರೆಯಲು ನಾನು ಬಾಯಿ ತೆರೆದೆ.

“ಕರಿಬ್ಯಾಡ,” ಅಂದರು ಕಾಕಾ, ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸುತ್ತ. “ಮಾತಾಡ್ಲಿ. ನಾವು ಮುಂದಿನ ರಿಕ್ಷಾಕ್ಕ ಹೋಗೂಣು.”