ಅತ್ತೆ ಜೋಡಿಸಿದ ಕೆಂಪು ದೀಪ

ನಮ್ಮ ಅತ್ತೆಯ ಮನೆಯಲ್ಲಿ ಮನುಷ್ಯರಿಗಿಂತ ಯಂತ್ರಗಳಿಗೇ ಮರ್ಯಾದೆ ಜಾಸ್ತಿ. ಬಂದವರನ್ನು ಊಟ ಆಯಿತೇ ಎಂದು ಕೇಳಲು ಮರೆತಾರು, ಅವರ ಚೀಲದಲ್ಲಿರುವ ಮಿಕ್ಸಿಗೆ ಏನಾಗಿದೆ ಎಂದು ಕೇಳಲು ಮರೆಯರು! ಅತ್ತೆ ಎಂದ ಕೂಡಲೇ ನೀವು ಗಂಡನ ತಾಯಿಯನ್ನು ನೆನೆದು ನನ್ನ ಮೇಲೆ ಕನಿಕರಪಡಬೇಡಿ. ಇವರು ನನ್ನಪ್ಪನ ತಂಗಿ. ನಂಜನಗೂಡಿನಲ್ಲಿದ್ದಾರೆ. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದು. ಆಮೇಲೆ ಅಲ್ಲೇ ಪಕ್ಕದ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ವೈರು ಜೋಡಿಸುವ ಕೆಲಸ. ಅಲ್ಲಿ ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವಾಗ ಎರಡನ್ನು ಕೇಳಿ ಮನೆಗೆ ತಂದು, ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ, ಕಡೆಗೂ ಆ ವಿದ್ಯೆಯನ್ನು ಕೈವಶ ಮಾಡಿಕೊಂಡರು. ನಿವೃತ್ತರಾದ ಮೇಲಂತೂ ಕೇಳುವುದೇ ಬೇಡ!

ಅವರ ದೌರ್ಬಲ್ಯವೆಂದರೆ ದೀಪ. ದೇವರ ದೀಪವಲ್ಲ, ಯಂತ್ರಗಳ ಮೂತಿಯ ಮೇಲೆ ಮಿಣುಕುವ ಚಿಕ್ಕ ಚಿಕ್ಕ ದೀಪಗಳು. ಯಾವುದಾದರೂ ಯಂತ್ರ ಚೆನ್ನಾಗಿ ಓಡುತ್ತಿದ್ದೂ ಅದರ ದೀಪ ಉರಿಯದಿದ್ದರೆ ಅತ್ತೆಗೆ ಅನ್ನ ಸೇರುವುದಿಲ್ಲ. ನನ್ನ ಮದುವೆಯ ಮಾತುಕತೆಗೆಂದು ನಮ್ಮವರೆಲ್ಲ ಟಿ. ನರಸೀಪುರದ ಹುಡುಗನ ಮನೆಗೆ ಹೋಗಿದ್ದರು. ಹಿರಿಯರು ಛತ್ರ, ಒಡವೆ ಎಂದು ಚರ್ಚೆ ಶುರು ಮಾಡುವಷ್ಟರಲ್ಲಿ ಅತ್ತೆ ಕಾಣೆ! ಹುಡುಕಿದರೆ ಮೆಟ್ಟಿಲ ಕೆಳಗೆ ಕುಳಿತು ಬೀಗರ ಇನ್ವರ್ಟರ್ ಬಿಚ್ಚಿದ್ದಾರೆ. ಭಾವಿ ಬೀಗಿತ್ತಿ ಪಕ್ಕದಲ್ಲಿ ನಿಂತು ಸ್ಕ್ರೂಗಳನ್ನು ಕಾಫಿ ಲೋಟದಲ್ಲಿ ಹಿಡಿದಿದ್ದಾರೆ. ಅಪ್ಪನಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತಂತೆ. ಅರ್ಧ ಗಂಟೆಯಲ್ಲಿ ದೀಪ ಹೊತ್ತಿತು. ನನ್ನ ಮಾವನವರು ಅಪ್ಪನ ಕೈ ಹಿಡಿದು, "ಹುಡುಗಿ ಒಪ್ಪಿಗೆ ಕಣ್ರೀ. ಆದ್ರೆ ಇವರು ಆಗಾಗ ಬತ್ತಾ ಇರಬೇಕು" ಎಂದರಂತೆ. ನನ್ನ ರೂಪ, ಗುಣ, ಎಂ.ಎ. ಪದವಿ ಯಾವುದನ್ನೂ ಅವತ್ತು ಯಾರೂ ವಿಚಾರಿಸಲೇ ಇಲ್ಲ!

ಇಂಥ ಅತ್ತೆಯ ಎದುರು ಒಂದು ಬುಧವಾರ ನಾನು ನನ್ನ ಕಂಪ್ಯೂಟರನ್ನು ಮಡಿಲಲ್ಲಿ ಹೊತ್ತುಕೊಂಡು ಹೋಗಿ ಕೂರಬೇಕಾಯಿತು.

ಸಂಗತಿ ಇಷ್ಟು. ಬನ್ನೂರು ಸುತ್ತಿನ ಹೆಂಗಸರು ಭತ್ತದ ನಾಟಿ ಹಾಕುವಾಗ ಹೇಳುವ ಹಾಡುಗಳ ಮೇಲೆ ನಾನು ಆರು ವರ್ಷದಿಂದ ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದೆ. ಎರಡು ಸಲ ಗಡುವು ಮುಂದೂಡಿಸಿಕೊಂಡಾಗಿತ್ತು. ಮೂರನೆಯ ಗಡುವು ಗುರುವಾರ ಸಂಜೆ ಐದು ಗಂಟೆ. ಅದು ದಾಟಿದರೆ ಆರು ವರ್ಷವೂ ನೀರಿನಲ್ಲಿ ಹೋಮ. ಬುಧವಾರ ಬೆಳಗ್ಗೆ ಮುದ್ರಣಕ್ಕೆ ಕೊಡೋಣವೆಂದು ಕಂಪ್ಯೂಟರಿನ ಗುಂಡಿ ಒತ್ತಿದೆ. ಟಪ್ ಎಂದಿತು. ಸುಟ್ಟ ವಾಸನೆ. ಆಮೇಲೆ ನಿಶ್ಶಬ್ದ.

"ಬೇರೆ ಪ್ರತಿ ಇರಲಿಲ್ಲವೇ?" ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳಿದರು. ಇತ್ತು ಸ್ವಾಮಿ, ಪೆನ್‌ಡ್ರೈವಿನಲ್ಲಿತ್ತು. ಪೆನ್‌ಡ್ರೈವು ಗಂಡನ ಪ್ಯಾಂಟಿನ ಜೇಬಿನಲ್ಲಿತ್ತು. ಪ್ಯಾಂಟು ವಾಷಿಂಗ್ ಮೆಷಿನ್ನಿನಲ್ಲಿತ್ತು! ನನ್ನ ಮಾರ್ಗದರ್ಶಕರಿಗೆ ಇಮೇಲ್ ಮಾಡಿದ್ದು ಮೊದಲ ಮೂರು ಅಧ್ಯಾಯ ಮಾತ್ರ. ಉಳಿದ ನಾಲ್ಕು ಆ ಸತ್ತ ಡಬ್ಬಿಯೊಳಗೆ.

ನಮ್ಮೂರಿನ ರಿಪೇರಿಯವರು ಮುಚ್ಚಳ ತೆಗೆದು ಮೂಗು ಮುಚ್ಚಿಕೊಂಡರು. ಕರೆಂಟಿನ ಡಬ್ಬಿಯೊಳಗೆ ಹಲ್ಲಿಯೊಂದು ಸುಟ್ಟು ಕರಕಲಾಗಿತ್ತು. ಸಾಲದ್ದಕ್ಕೆ ಮುಂಭಾಗದ ಸ್ವಿಚ್ಚಿಗೆ, ದೀಪಗಳಿಗೆ ಹೋಗುವ ವೈರುಗಳನ್ನೆಲ್ಲ ಇಲಿ ತಿಂದು ಮುಗಿಸಿತ್ತು. "ಶನಿವಾರ ಬನ್ನಿ ಮೇಡಂ, ನೋಡಣ" ಎಂದರು. ಶನಿವಾರ! ನಾನು ಸೀದಾ ನಂಜನಗೂಡಿನ ಬಸ್ಸು ಹತ್ತಿದೆ. ಕಂಡಕ್ಟರು ಮಡಿಲಲ್ಲಿದ್ದ ಡಬ್ಬಿಯನ್ನು ನೋಡಿ, "ಏನಮ್ಮಾ ಅದು?" ಎಂದರು. ಅಳು ಬರುವ ಹಾಗಿದ್ದ ನಾನು "ಪಿಎಚ್.ಡಿ." ಎಂದುಬಿಟ್ಟೆ. "ಏನಾರ ಆಗಿರ್ಲಿ, ಲಗೇಜು ಟಿಕೆಟ್ ತಕಳಿ" ಎಂದರು.

ಅತ್ತೆ ನನ್ನ ಮುಖ ನೋಡಲೇ ಇಲ್ಲ. ಡಬ್ಬಿ ಇಸಿದುಕೊಂಡು, ಚಾಪೆಯ ಮೇಲಿಟ್ಟು, ಬಳೆ ತೆಗೆದಿಟ್ಟು ಕುಳಿತರು. ಹತ್ತು ನಿಮಿಷ ಮೂಸಿದರು, ತಟ್ಟಿದರು, ಟಾರ್ಚ್ ಬಿಟ್ಟು ನೋಡಿದರು.

"ಬೋರ್ಡು ಉಳ್ಕಂಡದೆ. ನೀ ಬರ್ದಿರೋದೆಲ್ಲ ಇರೋ ಡಿಸ್ಕು ಮಾತ್ರ ಅಷ್ಟು ಸರಿ ಇಲ್ಲ ಕಣವ್ವ, ಹಳೇದು. ಒಂದ್ಸಲ ಎದ್ರೆ ಎಲ್ಲಾನೂ ಬೇರೆ ಕಡೆ ಎತ್ಕಬುಡಬೇಕು."

"ಏಳದೇ ಇದ್ರೆ ಅತ್ತೆ?"

"ಏಳದೇ ಇದ್ರೆ ಅನ್ನೋ ಮಾತ ಇಲ್ಲಿ ಆಡಬ್ಯಾಡ. ಕೇಳುಸ್ಕತ್ತದೆ."

ಯಾರು ಕೇಳಿಸಿಕೊಳ್ಳುತ್ತಾರೆ? ಕಂಪ್ಯೂಟರು!

ನಂಜನಗೂಡಿನ ಮಾವ, ಅಂದರೆ ಅತ್ತೆಯ ಗಂಡ, ಅಟ್ಟದಿಂದ ಇನ್ನೊಂದು ಹಳೆಯ ಡಬ್ಬಿ ಇಳಿಸಿದರು. ಅದರೊಳಗೆ ಬೆಳ್ಳುಳ್ಳಿ ಇಟ್ಟಿದ್ದರು. ಬೆಳ್ಳುಳ್ಳಿ ಮೊರಕ್ಕೆ ಹೋಯಿತು, ನನ್ನ ಬೋರ್ಡು ಬೆಳ್ಳುಳ್ಳಿಯ ಜಾಗಕ್ಕೆ ಬಂತು. ಸ್ಕ್ರೂ ಬಿಗಿದದ್ದಾಯಿತು, ಬೇರೆ ಕರೆಂಟು ಡಬ್ಬಿ ಕೂರಿಸಿದ್ದಾಯಿತು, ಡಿಸ್ಕು ಸೇರಿಸಿದ್ದಾಯಿತು. ಆಗ ಗಂಟೆ ಹನ್ನೆರಡೂವರೆ. ಇನ್ನು ಗುಂಡಿ ಒತ್ತುವುದೊಂದೇ ಬಾಕಿ ಎಂದು ನಾನು ದೇವರನ್ನು ನೆನೆಯುತ್ತಿದ್ದರೆ ಅತ್ತೆ, "ಈಗ ಶುರು ನೋಡು ಕೆಲ್ಸ" ಎಂದರು.

ಡಬ್ಬಿಯ ಮೂತಿಯಿಂದ ನಾಲ್ಕು ಜೊತೆ ಸಣ್ಣ ವೈರುಗಳು ಬರುತ್ತವೆ. ಒಂದು ಆನ್ ಮಾಡುವ ಸ್ವಿಚ್ಚಿಗೆ, ಒಂದು ಮರುಚಾಲನೆಯ ಗುಂಡಿಗೆ, ಒಂದು ಹಸಿರು ದೀಪಕ್ಕೆ, ಒಂದು ಕೆಂಪು ದೀಪಕ್ಕೆ. ಬೋರ್ಡಿನ ಮೂಲೆಯಲ್ಲಿ ಗುಂಡುಸೂಜಿಯಂಥ ಒಂಬತ್ತು ಕಡ್ಡಿಗಳು. ಯಾವುದನ್ನು ಯಾವುದಕ್ಕೆ ಚುಚ್ಚಬೇಕೆಂದು ಪಕ್ಕದಲ್ಲಿ ಬರೆದಿರುತ್ತಾರಂತೆ. ಇರುವೆ ಬರೆದು ಇರುವೆ ಓದಬೇಕು, ಅಷ್ಟು ಸಣ್ಣ ಅಕ್ಷರ! ಅತ್ತೆ ಭೂತಗನ್ನಡಿ ಹಿಡಿದು ಅಕ್ಷರ ಅಕ್ಷರವಾಗಿ ಓದತೊಡಗಿದರು.

"ಅತ್ತೆ, ದೀಪ ಬ್ಯಾಡತ್ತೆ. ಸ್ವಿಚ್ಚೊಂದು ಕೊಟ್ಟು ಆನ್ ಮಾಡು. ನಾಳೆ ಐದು ಗಂಟೆ..."

"ದೀಪ ಇಲ್ದೇ ಇದ್ರೆ ಒಳಗೇನಾಯ್ತದೆ ಅಂತ ಎಂಗ್ ಗೊತ್ತಾಯ್ತದೆ? ಸುಮ್ಕಿರು."

"ಸ್ಕ್ರೀನ್ ಇಲ್ವಾ!"

"ಸ್ಕ್ರೀನು ಸುಳ್ಳು ಏಳ್ತದೆ" ಎಂದು ಅತ್ತೆ ಭೂತಗನ್ನಡಿ ಕೆಳಗಿಟ್ಟು ಎದ್ದರು. "ಹೊಟ್ಟೆ ಹಸಿದ್ರೆ ಕೈ ನಡುಗ್ತದೆ. ಮುದ್ದೆ ಉಂಡು ಮಾಡಣ."

ಮುದ್ದೆ! ನನ್ನ ಆರು ವರ್ಷ ಬೋರಲು ಬಿದ್ದಿರುವಾಗ ಮುದ್ದೆ! ಅತ್ತೆ ಅಡುಗೆಮನೆಗೆ ಹೋದದ್ದೇ ತಡ, ನಾನು ಚಾಪೆಯ ಮೇಲೆ ಕುಳಿತೆ. ಎಂ.ಎ. ಮಾಡಿದವಳಿಗೆ ಎರಡು ವೈರು ಚುಚ್ಚಲು ಬಾರದೇ? ಸ್ವಿಚ್ಚಿನದು ಎಂದು ಕಂಡದ್ದನ್ನು ಎರಡು ಕಡ್ಡಿಗೆ ಸೇರಿಸಿದೆ, ಕರೆಂಟು ಕೊಟ್ಟೆ, ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಹೆಬ್ಬೆರಳು ಕೆಂಪಾಗುವವರೆಗೆ ಒತ್ತಿದೆ. ಫ್ಯಾನು ತಿರುಗಲಿಲ್ಲ, ದೀಪ ಹೊತ್ತಲಿಲ್ಲ. ಕೊಂದುಬಿಟ್ಟೆ, ನಾನೇ ಕೈಯಾರೆ ಕೊಂದುಬಿಟ್ಟೆ ಎನ್ನಿಸಿ ಅತ್ತೆಯನ್ನು ಕೂಗಿದೆ.

ಅತ್ತೆ ಮುದ್ದೆ ತೊಳಸುವ ಕೋಲು ಹಿಡಿದೇ ಬಂದರು. ನಾನು ಹೊಡೆತಕ್ಕೂ ಸಿದ್ಧಳಿದ್ದೆ. ಮೊದಲು ಕರೆಂಟು ಕಿತ್ತರು. ಬಗ್ಗಿ ನೋಡಿದರು.

"ಸ್ವಿಚ್ಚ ತಕಂಡು ದೀಪದ ಜಾಗಕ್ಕೆ ಚುಚ್ಚಿದ್ದೀಯಲ್ಲವ್ವಾ! ಅದು ಎಂಗೆ ಎದ್ದದು?"

"ಸುಟ್ಟೋಯ್ತಾ ಅತ್ತೆ?"

"ಏನೂ ಆಗಿಲ್ಲ. ಮೂತಿ ತೊಳ್ಕಂಡು ಬಾ, ಸಾರು ಆರೋಯ್ತದೆ."

ಜೀವಮಾನದಲ್ಲಿ ಅಷ್ಟು ರುಚಿಗೆಟ್ಟ ಅವರೆಕಾಳು ಸಾರನ್ನು ನಾನು ಉಂಡಿಲ್ಲ. ತಪ್ಪು ಸಾರಿನದಲ್ಲ.

ಊಟವಾದ ಮೇಲೆ ಅತ್ತೆ ನಾಲ್ಕನ್ನೂ ಒಂದೊಂದಾಗಿ ಕೂರಿಸಿ ಗುಂಡಿ ಒತ್ತಿದರು. ಫ್ಯಾನು ಗುಂಯ್ ಎಂದಿತು! ಹಸಿರು ದೀಪ ಹೊತ್ತಿತು! ನಾನು ಕೂಗಿಕೊಳ್ಳುವಷ್ಟರಲ್ಲಿ ಅತ್ತೆ ಮತ್ತೆ ಆರಿಸಿಬಿಟ್ಟರು. ಕೆಂಪು ಹೊತ್ತಲಿಲ್ಲವಂತೆ!

"ಅತ್ತೇ!"

"ಕೂಗಬ್ಯಾಡ. ದೀಪಕ್ಕೆ ಕೂಡು, ಕಳೆ ಅಂತದೆ. ತಿರುಗುಮುರುಗಾದ್ರೆ ಹತ್ತಕ್ಕಿಲ್ಲ." ವೈರಿನ ಮೂತಿಯನ್ನು ತಿರುಗಿಸಿ ಚುಚ್ಚಿದರು. ಮತ್ತೆ ಗುಂಡಿ. ಹಸಿರು ಹೊತ್ತಿತು. ಕೆಂಪು ಮಿಣ್ ಮಿಣ್ ಎಂದಿತು. ಪರದೆಯ ಮೇಲೆ ಡಿಸ್ಕು ತಪಾಸಣೆ ನಡೆಯುತ್ತಿದೆ, ಕಾಯಿರಿ ಎಂದು ಇಂಗ್ಲಿಷಿನಲ್ಲಿ ಬಂತು. ಅದಾದ ಮೇಲೆ ಪರದೆ ಪೂರ್ತಿ ಕಪ್ಪಾಯಿತು.

ಹತ್ತು ನಿಮಿಷ ಕಪ್ಪು. ಇಪ್ಪತ್ತು ನಿಮಿಷ ಕಪ್ಪು. ಮೌಸನ್ನು ಅಲ್ಲಾಡಿಸಿದೆ, ಕೀಲಿಮಣೆ ಕುಟ್ಟಿದೆ, ಚಲನೆಯೇ ಇಲ್ಲ. ಗಂಟೆ ಎರಡೂಕಾಲು. ಇದು ಸತ್ತಿದೆ, ಆರಿಸಿ ಮತ್ತೆ ಹಾಕೋಣ ಎಂದು ಕೈ ಚಾಚಿದೆ. ಅತ್ತೆ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬಳೆ ಚರ್ಮಕ್ಕೆ ಒತ್ತಿತು.

"ಈಗ ಆರ್‌ಸುದ್ರೆ ಡಿಸ್ಕು ಓಯ್ತದೆ. ಅಲ್ಲಿ ನೋಡು."

ಕೆಂಪು ದೀಪ ಮಿಣುಕುತ್ತಿತ್ತು. ಒಮ್ಮೆ ಬೇಗ ಬೇಗ, ಒಮ್ಮೆ ತಡೆದು ತಡೆದು.

"ಒಳಗೆ ಓದ್ತಾ ಅದೆ. ತಡುವರಿಸ್ಕಂಡು ಓದ್ತಾ ಅದೆ. ಬುಡು ಅದರ ಪಾಡಿಗೆ."

ನಾವು ಮೂವರೂ ಆ ಸಾಸಿವೆ ಗಾತ್ರದ ದೀಪದ ಎದುರು ಕುಳಿತೆವು. ಅಷ್ಟರಲ್ಲಿ ಕರೆಂಟು ಹೋಯಿತು! ಇನ್ವರ್ಟರ್ ಇದ್ದದ್ದರಿಂದ ಕಂಪ್ಯೂಟರು ಉಳಿಯಿತು. ಮಾವ ಎದ್ದು ತಲೆಯ ಮೇಲಿನ ಫ್ಯಾನು ಆರಿಸಿದರು, ಫ್ರಿಜ್ಜಿನ ವೈರು ಕಿತ್ತರು. ಸೆಕೆಯಲ್ಲಿ ಬೆವರು ಹರಿಯುತ್ತಿತ್ತು, ಯಾರೂ ಒರೆಸಿಕೊಳ್ಳಲಿಲ್ಲ. ಒಮ್ಮೆ ದೀಪ ಪೂರ್ತಿ ನಿಂತೇ ಹೋಯಿತು. ನಾನು ಅತ್ತೆಯ ಸೆರಗನ್ನು ಹಿಡಿದುಕೊಂಡೆ. ಅತ್ತೆಯೂ ಉಸಿರು ಕಟ್ಟಿದ್ದರು, ಅವರ ತುಟಿ ಒಣಗಿತ್ತು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವರಿಗೂ ಭಯವಾಗಿದೆ ಎಂದು ನನಗೆ ತಿಳಿಯಿತು. ದೀಪ ಮತ್ತೆ ಮಿಣುಕಿತು. ಮೂರೂವರೆಗೆ ಪರದೆ ಬೆಳಗಿತು.

"ಸಂತೋಷ ಆಮೇಕೆ ಪಡು. ಮೊದ್ಲು ಎತ್ಕೊ" ಎಂದರು ಅತ್ತೆ. ಅವರ ಎರಡು ಪೆನ್‌ಡ್ರೈವಿಗೆ ಏಳೂ ಅಧ್ಯಾಯ ಇಳಿಸಿದ ಮೇಲೆ ನಾನು ಅತ್ತೆಯ ಭುಜಕ್ಕೆ ತಲೆಯಿಟ್ಟು ಜೋರಾಗಿ ಅತ್ತುಬಿಟ್ಟೆ. ಅತ್ತೆ ನನ್ನನ್ನು ಸರಿಸಿ, "ನೀರು ಬಿದ್ದಾತು ಬೋರ್ಡ ಮ್ಯಾಕೆ" ಎಂದರು!

ಆಮೇಲೆ ಕನ್ನಡಕ ಒರೆಸಿಕೊಂಡು ಪರದೆಯ ಹತ್ತಿರ ಬಂದರು. "ಇಷ್ಟು ಒದ್ದಾಡುಸ್ತಲ್ಲ, ಏನ್ ಬರ್ದಿದ್ದೀಯ, ತೋರ್ಸು." ತೆರೆದೆ. ಮೊದಲು ಬಂದದ್ದು ಕೃತಜ್ಞತೆಯ ಪುಟ. ಅತ್ತೆ ಬೆರಳಿಟ್ಟು ಗಟ್ಟಿಯಾಗಿ ಓದಿದರು. ಮಾರ್ಗದರ್ಶಕರು, ವಿಭಾಗದ ಮುಖ್ಯಸ್ಥರು, ಹಾಡು ಹೇಳಿದ ಹೆಂಗಸರು, ಗಂಡ, ಮಾವನವರು, ಗ್ರಂಥಾಲಯದವರು, ಕಡೆಗೆ ಝೆರಾಕ್ಸ್ ಅಂಗಡಿಯವರು.

"ಚೆನ್ನಾಗಿ ಬರ್ದಿದ್ದೀಯ ಕಣವ್ವ. ಯಾರ್ನೂ ಬುಟ್ಟಿಲ್ಲ."

ಮಾತಿನಲ್ಲಿ ಕೊಂಕಿರಲಿಲ್ಲ, ಅದೇ ನನ್ನನ್ನು ಇರಿದದ್ದು. ಅತ್ತೆ ಆಗಲೇ ತಿರುಗಿ ಮೊರದಿಂದ ಬೆಳ್ಳುಳ್ಳಿ ಆರಿಸುತ್ತಿದ್ದರು. ನನ್ನ ಮಗಳು ಆರು ತಿಂಗಳ ಕೂಸಾಗಿದ್ದಾಗ, ಪಿಎಚ್.ಡಿ.ಯ ಮೊದಲ ಪರೀಕ್ಷೆಗೆ ನಾನು ಮೈಸೂರಿಗೆ ಹೋದ ಅಷ್ಟೂ ದಿನ, ಕಾರ್ಖಾನೆಗೆ ರಜೆ ಹಾಕಿ ಜೊತೆಗೆ ಬಂದು ಕೂಸನ್ನು ನೋಡಿಕೊಂಡವರು ಇವರೇ. ಪರೀಕ್ಷಾ ಕೊಠಡಿಯ ಹೊರಗೆ ಮರದಡಿ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಕುಳಿತಿರುತ್ತಿದ್ದರು. ಝೆರಾಕ್ಸ್ ಅಂಗಡಿಯವರು ನೆನಪಾದ ನನಗೆ ಇವರು ನೆನಪಾಗಿರಲಿಲ್ಲ.

ಕೀಲಿಮಣೆ ಎಳೆದುಕೊಂಡು "ನನ್ನ ಸೋದರತ್ತೆ ಶ್ರೀಮತಿ" ಎಂದು ಬರೆದೆ. ಅಲ್ಲಿಗೇ ಬೆರಳು ನಿಂತಿತು. ಅವರ ಪೂರ್ತಿ ಹೆಸರು ನನಗೆ ಗೊತ್ತಿರಲಿಲ್ಲ! ಹುಟ್ಟಿದಾಗಿನಿಂದ ಅತ್ತೆ ಎಂದೇ ಕರೆದದ್ದು. ಬೇರೆಯವರು ಕರೆಯುವುದು ಒಂದು ಮುದ್ದಿನ ಹೆಸರಿನಿಂದ.

"ಅತ್ತೆ, ನಿನ್ನ ಪೂರ್ತಿ ಹೆಸರು ಹೇಳು. ಇನ್ಷಿಯಲ್ ಸಮೇತ."

ಅವರು ಪರದೆ ನೋಡಿದರು.

"ಕಂಪ್ನಿ ಕಾರ್ಡಲ್ಲಿ ನಿಮ್ಮ ಮಾವನ ಇನ್ಷಿಯಲ್ಲು, ಮಾರ್ಕ್ಸ್ ಕಾರ್ಡಲ್ಲಿ ನಮ್ಮಪ್ಪಂದು." ಸೆರಗಿನಿಂದ ಕೈ ಒರೆಸಿಕೊಂಡರು. "ಇದರಲ್ಲಿ ಯಾರ್ದೂ ಬ್ಯಾಡ ಕಣವ್ವ. ಬರೀ ನಂದು ಆಕು."

ನಾನು ಎದ್ದು ಅವರನ್ನು ನನ್ನ ಜಾಗದಲ್ಲಿ ಕೂರಿಸಿದೆ. ಯಾವ ಅಕ್ಷರಕ್ಕೆ ಯಾವ ಕೀಲಿ ಎಂದು ತೋರಿಸುತ್ತಾ ಹೋದೆ. ಅತ್ತೆ ಒಂದೇ ಬೆರಳಿನಲ್ಲಿ, ಒಂದೊಂದು ಅಕ್ಷರ ಬಂದ ಮೇಲೂ ತಲೆ ಎತ್ತಿ ಸರಿಯಾಗಿ ಮೂಡಿದೆಯೇ ಎಂದು ನೋಡುತ್ತಾ, ತಮ್ಮ ಹೆಸರನ್ನು ತಾವೇ ಬರೆದರು.