ಕಪ್ಪೆ ಸಿಗದಿರಲಪ್ಪಾ!

ರಗಳೆಯೆಲ್ಲ ಶುರುವಾದದ್ದು ಒಂದು ಟವೆಲಿನಿಂದ. ಹೋದ ವಾರ ಒಣಹಾಕಿದ್ದನ್ನು ಕಾಡಿನ ಕಾವಲುಗಾರನ ಹೆಂಡತಿ ಬೆಳಿಗ್ಗೆ ಹಿಂಡಿದರೆ ಅರ್ಧ ಲೋಟ ನೀರು ಬಂತು.

"ರೀ, ಈ ಮೋಡದೊಳಗೆ ಇನ್ನೊಂದು ವರ್ಷ ನನ್ನ ಕೈಲಾಗಲ್ಲ. ಇವತ್ತು ಬರೋ ಮೇಡಂ ಹತ್ರ ಕೆಳಗಿನೂರಿಗೆ ವರ್ಗ ಮಾಡಿಸ್ಕೊಳ್ಳಿ. ಇಲ್ಲಾಂದ್ರೆ ನಾನು ತವರಿಗೆ!"

ಸದಾ ಮೋಡ ಕವಿದ ಆ ಬೆಟ್ಟದ ಕಾಡಿನಲ್ಲಿ ಕಾವಲುಗಾರನಿಗೆ ನನ್ನವರು ಅಂತ ಇದ್ದದ್ದು ಅವಳೊಬ್ಬಳೇ. ಪುಣ್ಯಕ್ಕೆ ಒಂದು ದಾರಿಯಿತ್ತು. ಪಾಚಿಯಲ್ಲಿ ಬದುಕುವ, ಉಗುರಿನಷ್ಟೇ ಇರುವ ಒಂದು ಹಸಿರು ಕಪ್ಪೆಯನ್ನು ಕಾಯಲೆಂದೇ ಅಲ್ಲಿ ಕೇಂದ್ರ ತೆರೆದಿದ್ದರು. ವರ್ಷಗಳಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇವತ್ತೂ ಕಾಣದಿದ್ದರೆ ಕೇಂದ್ರ ಮುಚ್ಚಿ ಅವನನ್ನು ಕೆಳಗೆ ಕಳಿಸುವುದು ಅಂತ ಅರಣ್ಯ ಇಲಾಖೆಯ ಮೇಡಂ ಮೊದಲೇ ಹೇಳಿದ್ದರು.

ಸರಿ, ಮೇಡಂ ಬಂದರು. ಇವನು ಪಾಚಿ ಹೊದ್ದು ತೊಟ್ಟಿಕ್ಕುವ ಮರಗಳನ್ನು ದೂರದಿಂದಲೇ ತೋರಿಸಿ, ಅವರನ್ನು ಬೋಳು ಬಂಡೆಗಳ ಮೇಲೆ ನಡೆಸಿದ.

"ಇಲ್ಲಿ ಕಪ್ಪೆ ಇರತ್ತೇನ್ರೀ?"

"ಇದ್ರೆ ಇಲ್ಲೇ ಇರ್ಬೇಕು ಮೇಡಂ," ಅಂದ, ಸಾಧುವಿನ ಹಾಗೆ.

ಅಷ್ಟರಲ್ಲಿ ಪೊದೆಯೊಳಗಿಂದ 'ಟ್ರಿಕ್, ಟ್ರಿಕ್' ಅಂತ ಸದ್ದು. ಮೇಡಂ ಕಣ್ಣರಳಿತು. "ಜೀರುಂಡೆ ಇರ್ಬೇಕು ಮೇಡಂ," ಅಂದ ಇವನು. ಮತ್ತೆ 'ಟ್ರಿಕ್, ಟ್ರಿಕ್... ಆಕ್ಷೀ!'

ಪೊದೆ ಸರಿಸಿದರೆ ಕೇಂದ್ರದ ಅಡಿಗೆಯವನು! "ಕೇಂದ್ರ ಮುಚ್ಚಿದ್ರೆ ನನ್ನ ಹೊಟ್ಟೆಪಾಡು ಮೇಡಂ... ಈ ಅಣ್ಣನಿಗೂ ಸಹಾಯ ಆಗ್ಲಿ ಅಂತ ಕಪ್ಪೆ ಥರ ಕೂಗಿದೆ..."

ನಿನ್ನ ಸಹಾಯಕ್ಕಿಷ್ಟು ಬೆಂಕಿ ಹಾಕ! ಅಂತ ಒಳಗೇ ಬೈದರೂ ಕಾವಲುಗಾರನಿಗೆ ಹೋದ ಜೀವ ಬಂತು.

ಸಂಜೆ ಇವನ ಮನೆ ಬಾಗಿಲಲ್ಲಿ ನಿಂತು ಮೇಡಂ ಹೇಳಿಯೇಬಿಟ್ಟರು: "ಕಪ್ಪೆ ಇಲ್ಲ ಕಣ್ರೀ. ಮುಂದಿನ ವಾರದಿಂದ ನೀವು ಕೆಳಗಿನೂರಲ್ಲಿ."

ಅಲ್ಲಿಗೆ ಬಾಯಿ ಮುಚ್ಚಿಕೊಂಡಿರಬಾರದೇ ಹೆಂಡತಿ? ಎಲ್ಲಿ ಮೇಡಂ ಮನಸ್ಸು ಬದಲಾಯಿಸಿಬಿಡುತ್ತಾರೋ ಅಂತ ಅವಳಿಗೆ ಭಯ. "ನಮ್ಮ ಪಾಡು ನೀವೇ ನೋಡಿ ಮೇಡಂ!" ಅಂತ ಕೈ ಹಿಡಿದು ಬಚ್ಚಲಿಗೇ ಎಳೆದುಕೊಂಡು ಹೋದಳು. "ಗೋಡೆ ತುಂಬಾ ಪಾಚಿ. ಅದ್ರಲ್ಲಿ ಈ ಪೀಡೆ ಬೇರೆ! ದಿನಾ ಆಚೆ ಎಸೀತೀನಿ, ದಿನಾ ವಾಪಸ್ ಬರತ್ತೆ."

ಪಾಚಿಯ ಮೇಲೆ ಉಗುರಿನಷ್ಟು ಹಸಿರು ಕಪ್ಪೆ, ಸುತ್ತ ಸಾಸಿವೆ ಕಾಳಿನಂಥ ಮರಿಗಳು. ಚಳಿಗೆ ಕಣ್ಣು ಮುಚ್ಚಿ ಎರಡು ಚೆಂಬು ಸುರಿದುಕೊಂಡು ಓಡಿಬರುತ್ತಿದ್ದ ಕಾವಲುಗಾರ ಅದನ್ನು ನೋಡಿದ್ದು ಅವತ್ತೇ.

"ಅಯ್ಯೋ, ಇದೇನಾ ಅದು?" ಹೆಂಡತಿ ಬಾಯಿ ಮೇಲೆ ಕೈಯಿಟ್ಟಳು. "ಇಷ್ಟೆಲ್ಲ ಹುಡುಕ್ತೀರಲ್ಲ, ಮೊಲದಷ್ಟಾದ್ರೂ ಇರತ್ತೆ ಅಂದ್ಕೊಂಡಿದ್ದೆ!"

ಮೇಡಂ ಒದ್ದೆ ನೆಲದಲ್ಲೇ ಮಂಡಿಯೂರಿಬಿಟ್ಟಿದ್ದರು. "ಕೇಂದ್ರ ಮುಚ್ಚಲ್ಲ, ವರ್ಗಾನೂ ಇಲ್ಲ! ಈ ಗೋಡೆ ಯಾರೂ ಮುಟ್ಟಬಾರದು. ನೋಡ್ಕೊಳ್ಳೋ ಕೆಲಸ ನಿಮ್ಮದಮ್ಮಾ, ಸಂಬಳ ಕೊಡಿಸ್ತೀನಿ."

ಮೇಡಂ ಹೋದ ಮೇಲೂ ಹೆಂಡತಿ ಮರಿಗಳ ಮುಂದಿಂದ ಏಳಲಿಲ್ಲ. ಕಾವಲುಗಾರ ಹೆದರುತ್ತಲೇ ಕೇಳಿದ, "ತವರಿಗೆ ಯಾವಾಗ ಹೊರಡ್ತೀಯೇ?"

"ಮನೇಲಿ ಬಾಣಂತಿ ಇಟ್ಕೊಂಡು ತವರಿಗೆ ಹೋಗೋದಾ? ಏನ್ ಮಾತಾಡ್ತೀರಿ!" ಅವಳು ಗದರಿದಳು. "ಮೊದ್ಲು ಆ ಚೆಂಬು, ಬಕೆಟ್ಟು ಆಚೆ ತಗೊಂಡು ಹೋಗಿ. ನಾಳೆಯಿಂದ ನಿಮ್ಮ ಸ್ನಾನ ಅಂಗಳದಲ್ಲಿ."